ನಾಯಿ ಕಚ್ಚಿದಾಗ ಎಂಟು ಜನ ದೊಡ್ಡವರು ಇದ್ದೆವು, ಒಬ್ಬರೂ ನಲ್ಲಿ ತಿರುಗಿಸಲಿಲ್ಲ

ನೀಲಿ ಕೊಡೆ
ಹೋದ ಭಾನುವಾರ ಅಕ್ಕನ ಮಗನಿಗೆ ನಾಯಿ ಕಚ್ಚಿತು. ಏಳು ವರ್ಷದ ಹುಡುಗ. ಮೀನಖಂಡಕ್ಕೆ ಎರಡು ಹಲ್ಲು ಇಳಿದಿತ್ತು. ನೋಡೋಕೆ ದೊಡ್ಡ ಗಾಯ ಏನಲ್ಲ, ಪೆನ್ಸಿಲ್ ಮೊನೆಯಲ್ಲಿ ಚುಚ್ಚಿದ ಹಾಗೆ ಎರಡು ತೂತು, ಸಣ್ಣಗೆ ರಕ್ತ ಜಿನುಗುತ್ತಿತ್ತು.

ಅಲ್ಲಿ ನಾವು ಎಂಟು ಜನ ಇದ್ದೆವು. ಒಬ್ಬರು ಕೋಲು ಹಿಡಿದು ನಾಯಿ ಹಿಂದೆ ಓಡಿದರು. ಒಬ್ಬರು ಕರ್ಚೀಫು ತೆಗೆದು ಬಿಗಿಯಾಗಿ ಕಟ್ಟಿದರು. ಇನ್ನೊಬ್ಬರು ಖಾರದಪುಡಿ ತನ್ನಿ ಅಂದರು. ಇಬ್ಬರು ಯಾವ ಆಸ್ಪತ್ರೆಗೆ ಹೋಗೋದು ಅಂತ ಜಗಳಕ್ಕೆ ನಿಂತರು. ನಾನು ಫೋನ್ ಹಿಡಿದು ಹುಡುಕುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಹುಡುಕಿದ್ದು "ನಾಯಿ ಕಚ್ಚಿದರೆ ಎಷ್ಟು ಇಂಜೆಕ್ಷನ್" ಅಂತ. ಕೈ ತೊಳೆಯುವ ನಲ್ಲಿ ಹತ್ತು ಹೆಜ್ಜೆ ದೂರದಲ್ಲಿತ್ತು. ಸೋಪೂ ಅಲ್ಲೇ ಇತ್ತು.

ಆಸ್ಪತ್ರೆಯಲ್ಲಿ ಸಿಸ್ಟರ್ ಮೊದಲು ಕೇಳಿದ್ದೇ "ಗಾಯ ತೊಳೆದ್ರಾ?" ಅಂತ. ನಾವು ಎಂಟೂ ಜನ ಮುಖ ಮುಖ ನೋಡಿಕೊಂಡೆವು. ಅವರು ಮತ್ತೇನೂ ಕೇಳದೆ ಹುಡುಗನನ್ನು ಸಿಂಕ್ ಹತ್ತಿರ ಕೂರಿಸಿ, ಕಟ್ಟು ಬಿಚ್ಚಿ, ನಲ್ಲಿ ಬಿಟ್ಟು, ಗೋಡೆ ಗಡಿಯಾರ ತೋರಿಸಿ ನನ್ನ ಕೈಗೆ ಸೋಪು ಕೊಟ್ಟರು. 15 ನಿಮಿಷ. ನೀವು ಯಾವಾಗಲಾದರೂ 15 ನಿಮಿಷ ಒಂದೇ ಜಾಗ ತೊಳೆದಿದ್ದೀರಾ? ಐದನೇ ನಿಮಿಷಕ್ಕೇ ಸಾಕು ಅನಿಸುತ್ತದೆ. ಹುಡುಗ ಅಳು ನಿಲ್ಲಿಸಿ ನೊರೆ ನೋಡುತ್ತಾ ಕೂತ. ಕೊನೆಗೆ ನನ್ನ ಬೆರಳೆಲ್ಲ ಸುಕ್ಕುಗಟ್ಟಿತ್ತು.

ನನ್ನ ಪ್ರಶ್ನೆ ಇಷ್ಟೇ. ಇದು ನಮಗೆ ಯಾರಿಗೂ ಯಾಕೆ ಗೊತ್ತಿರಲಿಲ್ಲ? ನಿಮಗೆ ಗೊತ್ತಿತ್ತಾ? ಸುಳ್ಳು ಹೇಳಬೇಡಿ.

ಮೂರನೇ ಗೇರ್
ಗೊತ್ತಿರಲಿಲ್ಲ.

ಕಿಟಕಿ ಪಕ್ಕದ ಸೀಟು
ತೊಳೆಯಬೇಕು ಅಂತ ಗೊತ್ತಿತ್ತು. 15 ನಿಮಿಷ ಅಂತ ಗೊತ್ತಿರಲಿಲ್ಲ. ನಾನಾದರೆ ಎರಡು ಚೊಂಬು ನೀರು ಸುರಿದು ಗಾಡಿ ಹತ್ತಿಸುತ್ತಿದ್ದೆ.

ಹಳೇ ಸೈಕಲ್
ನಮ್ಮ ಕಾಲದಲ್ಲಿ ಹೊಟ್ಟೆಗೆ 14 ಇಂಜೆಕ್ಷನ್ ಹಾಕುತ್ತಿದ್ದರು. ಆ ಹೆದರಿಕೆಗೇ ಎಷ್ಟೋ ಜನ ಕಚ್ಚಿದ್ದನ್ನು ಮುಚ್ಚಿಡುತ್ತಿದ್ದರು. ನನ್ನ ತಮ್ಮ ಒಂದು ತಿಂಗಳು ಪ್ಯಾಂಟ್ ಹಾಕಿಕೊಂಡೇ ಆಟಕ್ಕೆ ಬರುತ್ತಿದ್ದ, ಯಾಕೆ ಅಂತ ಆಮೇಲೆ ಗೊತ್ತಾಯಿತು. ಅವನಿಗೇನೂ ಆಗಲಿಲ್ಲ, ನಾಯಿಗೆ ಹುಚ್ಚಿರಲಿಲ್ಲ ಅನಿಸುತ್ತದೆ. ಈಗಲೂ ಹೊಟ್ಟೆಗೇ ಹಾಕುತ್ತಾರಾ?

ವಾರ್ಡ್ ಸಿಸ್ಟರ್
ಇಲ್ಲ ಅಣ್ಣ, ಆ ಕಾಲ ಹೋಯಿತು. ಅದು ಕುರಿ ಮೆದುಳಿನಿಂದ ಮಾಡುತ್ತಿದ್ದ ಹಳೆ ಲಸಿಕೆ. ಈಗಿನದು ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸಿ ಮಾಡುವ ಲಸಿಕೆ, ತೋಳಿಗೆ ಹಾಕುತ್ತೇವೆ. ಪುಟ್ಟ ಮಕ್ಕಳಿಗೆ ತೊಡೆಗೆ. ಸೊಂಟಕ್ಕೆ ಹಾಕಿ ಅಂತ ಕೇಳುವವರು ಇದ್ದಾರೆ, ಅಲ್ಲಿ ಹಾಕಬಾರದು. ಕೊಬ್ಬು ಜಾಸ್ತಿ, ಲಸಿಕೆ ಸರಿಯಾಗಿ ಕೆಲಸ ಮಾಡುವುದಿಲ್ಲ. ತೋಳಿನ ಸ್ನಾಯುವಿಗೆ ಹಾಕುವ ಕ್ರಮದಲ್ಲಿ ಸಾಮಾನ್ಯವಾಗಿ 0, 3, 7, 14, 28ನೇ ದಿನ. ಚರ್ಮದೊಳಗೆ ಸ್ವಲ್ಪ ಸ್ವಲ್ಪ ಹಾಕುವ ಕ್ರಮವೂ ಇದೆ, ಅದರ ದಿನಗಳು ಬೇರೆ. ನಿಮ್ಮ ಚೀಟಿಯಲ್ಲಿ ಏನು ಬರೆದಿದೆಯೋ ಅದನ್ನೇ ನೋಡಿ.

ಒಂದು ವಿಷಯ ತುಂಬಾ ಜನ ತಪ್ಪು ಮಾಡುತ್ತಾರೆ. 0 ಅಂದರೆ ಮೊದಲ ಇಂಜೆಕ್ಷನ್ ಹಾಕಿಸಿಕೊಂಡ ದಿನ, ನಾಯಿ ಕಚ್ಚಿದ ದಿನ ಅಲ್ಲ.

ಗೂಬೆ ಕಣ್ಣು
ಎಲ್ಲ ಸರಿ, ಆದರೆ ಸೋಪಿನ ವಿಷಯ ಸ್ವಲ್ಪ ಅತಿಯಾಯಿತು ಅನಿಸುತ್ತದೆ. ಹಲ್ಲು ಒಳಗೆ ಇಳಿದ ಮೇಲೆ ವೈರಸ್ಸೂ ಒಳಗೆ ಹೋಯಿತು. ಮೇಲೆ ಎಷ್ಟು ಉಜ್ಜಿದರೆ ಏನು? ಇಂಜೆಕ್ಷನ್ ಇದೆಯಲ್ಲ, ಬೇಗ ಆಸ್ಪತ್ರೆಗೆ ಓಡೋದು ಬಿಟ್ಟು ನಲ್ಲಿ ಕೆಳಗೆ ಕಾಲು ಗಂಟೆ ಕೂರೋದು ಯಾವ ಜಾಣತನ?

ವಾರ್ಡ್ ಸಿಸ್ಟರ್
ಒಳ್ಳೆ ಪ್ರಶ್ನೆ, ಬೈಯುವುದಿಲ್ಲ.

ರೇಬೀಸ್ ವೈರಸ್ಸಿಗೆ ಹೊರಗಡೆ ಜಿಡ್ಡಿನ ಹೊದಿಕೆ ಇರುತ್ತದೆ. ಸೋಪು ಜಿಡ್ಡು ಬಿಡಿಸುತ್ತದೆ ಅಂತ ಪಾತ್ರೆ ತೊಳೆಯುವ ಎಲ್ಲರಿಗೂ ಗೊತ್ತು. ಹೊದಿಕೆ ಹೋದರೆ ಆ ವೈರಸ್ ಸತ್ತ ಹಾಗೆ. ಅದು ರಕ್ತದಲ್ಲಿ ಹರಿದುಕೊಂಡು ಹೋಗುವುದಿಲ್ಲ. ಕಚ್ಚಿದ ಜಾಗದ ಮಾಂಸದಲ್ಲಿ ಸ್ವಲ್ಪ ಕಾಲ ಇದ್ದು, ಆಮೇಲೆ ನರದ ತುದಿ ಹಿಡಿದು ಮೆದುಳಿನ ಕಡೆ ನಿಧಾನಕ್ಕೆ ಹತ್ತುತ್ತದೆ. ಹಾಗಾಗಿ ಆ ಜಾಗದಲ್ಲಿ ಎಷ್ಟು ತೊಳೆದು ಹಾಕುತ್ತೀರೋ ಅಷ್ಟು ಲಾಭ.

ಇನ್ನು ಇಂಜೆಕ್ಷನ್ ಇದೆಯಲ್ಲ ಅಂದಿರಿ. ಲಸಿಕೆ ಹಾಕಿದ ತಕ್ಷಣ ರಕ್ಷಣೆ ಬರುವುದಿಲ್ಲ. ದೇಹ ವೈರಸ್ಸನ್ನು ತಡೆಯುವ ತನ್ನದೇ ಪ್ರತಿಕಾಯ ಮಾಡಿಕೊಳ್ಳಲು ಒಂದು ವಾರಕ್ಕಿಂತ ಜಾಸ್ತಿ ಬೇಕು. ಅಲ್ಲಿವರೆಗೆ ಕಾಪಾಡುವವರು ಯಾರು? ಒಂದು, ನೀವು ತೊಳೆದದ್ದು. ಎರಡು, ಇಮ್ಯುನೊಗ್ಲಾಬ್ಯುಲಿನ್ ಅನ್ನುವ ಸಿದ್ಧ ಪ್ರತಿಕಾಯ. ಅದನ್ನು ಗಾಯದ ಒಳಗೆ, ಸುತ್ತಮುತ್ತ ಚುಚ್ಚುತ್ತಾರೆ. ಚರ್ಮ ತೂತಾಗಿ ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಅದೂ ಬೇಕು. ಮೊದಲ ದಿನವೇ ಹಾಕಿಸಿಕೊಳ್ಳಬೇಕು. ಆವತ್ತು ತಪ್ಪಿದರೆ ಮೊದಲ ಡೋಸ್ ಆಗಿ 7 ದಿನದ ಒಳಗೆ. ಆಮೇಲೆ ಹಾಕುವುದಿಲ್ಲ.

ಆಸ್ಪತ್ರೆಗೆ ಬೇಗ ಹೋಗಿ, ಬೇಡ ಅನ್ನುವುದಿಲ್ಲ. ತೊಳೆದು ಹೋಗಿ.

ನೀಲಿ ಕೊಡೆ
ಓ, ಆ ಇಮ್ಯುನೊಗ್ಲಾಬ್ಯುಲಿನ್ ಹಾಕೋದಕ್ಕಾ ಹುಡುಗನನ್ನು ತೂಕದ ಮೆಷಿನ್ ಮೇಲೆ ನಿಲ್ಲಿಸಿದ್ದು! ಕಚ್ಚಿದ್ದು ನಾಯಿ, ತೂಕ ಯಾಕೆ ನೋಡುತ್ತಾರೆ ಅಂತ ಅಕ್ಕ ಕೇಳುತ್ತಿದ್ದಳು.

ವಾರ್ಡ್ ಸಿಸ್ಟರ್
ಹೌದು, ಇಮ್ಯುನೊಗ್ಲಾಬ್ಯುಲಿನ್ ತೂಕದ ಲೆಕ್ಕದಲ್ಲಿ. ಮನುಷ್ಯರಿಂದ ತಯಾರಾದದ್ದು ಕೆಜಿಗೆ 20 ಯೂನಿಟ್, ಕುದುರೆಯಿಂದ ತಯಾರಾದದ್ದು 40. ಲಸಿಕೆಗೆ ತೂಕ ಬೇಕಾಗಿಲ್ಲ, ಮಗುವಿಗೂ ದೊಡ್ಡವರಿಗೂ ಅಷ್ಟೇ.

ಗೂಬೆ ಕಣ್ಣು
ಸರಿ, ಸೋಪಿನ ಮಾತು ವಾಪಸ್ ತಗೊಂಡೆ. ಜಿಡ್ಡಿನ ಹೊದಿಕೆ ವಿಷಯ ಗೊತ್ತಿರಲಿಲ್ಲ. ಆದರೆ ಬಟ್ಟೆ ಕಟ್ಟಿದ್ದರಲ್ಲಿ ತಪ್ಪೇನು? ರಕ್ತ ನಿಲ್ಲಬೇಕಲ್ವಾ.

ಕಾಮನಬಿಲ್ಲು
ಹಾವು ಕಚ್ಚಿದಾಗ ಕಟ್ಟುವುದನ್ನು ನೋಡಿ ನಾಯಿಗೂ ಕಟ್ಟುತ್ತಾರೆ. ಹಾವಿಗೂ ಹಾಗೆ ಬಿಗಿಯಾಗಿ ಕಟ್ಟಬಾರದು, ಆ ಮಾತು ಬೇರೆ.

ವಾರ್ಡ್ ಸಿಸ್ಟರ್
ರಕ್ತ ಧಾರಾಕಾರ ಸುರಿಯುತ್ತಿದ್ದರೆ ಮೊದಲು ಶುದ್ಧ ಬಟ್ಟೆ ಒತ್ತಿ ಹಿಡಿದು ನಿಲ್ಲಿಸಿ. ಅದರಲ್ಲಿ ಎರಡು ಮಾತಿಲ್ಲ, ರಕ್ತ ಹೋಗಿಯೇ ಜೀವ ಹೋದರೆ ಸೋಪು ಯಾರಿಗೆ? ಜಿನುಗುತ್ತಿದ್ದರೆ ಬಿಡಿ, ತೊಳೆಯಿರಿ. ಮೇಲೆ ಸುತ್ತಿ ಬಿಗಿದು ಮುಚ್ಚಬೇಡಿ. ಹೊಲಿಗೆ ಹಾಕಿ ಅಂತ ಒತ್ತಾಯಿಸಬೇಡಿ. ಮುಖದ ಗಾಯಕ್ಕೆ ಕೆಲವೊಮ್ಮೆ ಹೊಲಿಯಲೇಬೇಕಾಗುತ್ತದೆ, ಆಗಲೂ ಇಮ್ಯುನೊಗ್ಲಾಬ್ಯುಲಿನ್ ಹಾಕಿದ ಮೇಲೆ, ಸಡಿಲವಾಗಿ. ತೊಳೆದಾದ ಮೇಲೆ ಪೊವಿಡೋನ್ ಅಯೋಡಿನ್ ಇದ್ದರೆ ಹಚ್ಚಿ. ಕಣ್ಣಿಗೋ ಬಾಯಿಗೋ ಜೊಲ್ಲು ಬಿದ್ದಿದ್ದರೆ ಸೋಪು ಬೇಡ, ಬರೀ ನೀರಿನಲ್ಲಿ ಚೆನ್ನಾಗಿ ತೊಳೆದು ಹೊರಡಿ.

ಖಾರದಪುಡಿ, ಸುಣ್ಣ, ಎಣ್ಣೆ, ಸೊಪ್ಪಿನ ರಸ, ಪೆಟ್ರೋಲು, ಬ್ಯಾಟರಿ ಆಸಿಡ್ಡು, ಇವೆಲ್ಲ ಮೆತ್ತಿಕೊಂಡು ಬಂದವರನ್ನು ನೋಡಿದ್ದೇನೆ. ಆ ಗಾಯಕ್ಕೆ ಒಳಗೆ ಇಂಜೆಕ್ಷನ್ ಚುಚ್ಚಬೇಕಾದ ನಮ್ಮ ಕಷ್ಟ ಒಮ್ಮೆ ಯೋಚನೆ ಮಾಡಿ. ಮೊದಲು ಅದನ್ನು ತೊಳೆದು ತೆಗೆಯಬೇಕು, ಮಗು ಕಿರುಚುತ್ತಿರುತ್ತದೆ.

ಹಳೇ ಸೈಕಲ್
ಖಾರದಪುಡಿ ಹಾಕಿ ಬದುಕಿದವರೂ ಇದ್ದಾರಲ್ಲಮ್ಮ. ನಮ್ಮಜ್ಜಿ ಹತ್ತಾರು ಜನಕ್ಕೆ ಹಾಕಿದ್ದಳು.

ಲೆಕ್ಕದ ಮನುಷ್ಯ
ಕಚ್ಚಿದ ನಾಯಿಗೆಲ್ಲ ರೇಬೀಸ್ ಇರುವುದಿಲ್ಲ ಸರ್. ಇಲ್ಲದ ನಾಯಿ ಕಚ್ಚಿದವರಿಗೆ ಅಜ್ಜಿ ಸಕ್ಕರೆ ಹಾಕಿದ್ದರೂ ಬದುಕುತ್ತಿದ್ದರು. ಇದ್ದ ನಾಯಿ ಕಚ್ಚಿದವರು ವಾಪಸ್ ಬಂದು ಔಷಧಿ ಕೆಲಸ ಮಾಡಲಿಲ್ಲ ಅಂತ ಹೇಳಲು ಉಳಿದಿರುವುದಿಲ್ಲ. ಲೆಕ್ಕ ಅಲ್ಲೇ ತಪ್ಪುವುದು.

ಹಳೇ ಸೈಕಲ್
ಅಜ್ಜಿ ಬಗ್ಗೆ ಮಾತು ಬೇಡ.

ಲೆಕ್ಕದ ಮನುಷ್ಯ
ಅಜ್ಜಿ ಬಗ್ಗೆ ಅಲ್ಲ ಸರ್, ಪುಡಿ ಬಗ್ಗೆ.

ಕಿಟಕಿ ಪಕ್ಕದ ಸೀಟು
ನಮ್ಮಪ್ಪನಿಗೆ ಕಚ್ಚಿದಾಗ ಟಿಟಿ ಹಾಕಿಸಿಕೊಂಡು ಬಂದು "ಆಯ್ತು, ಇಂಜೆಕ್ಷನ್ ಆಯ್ತು" ಅಂತ ಪೇಪರ್ ಓದುತ್ತಾ ಕೂತುಬಿಟ್ಟರು. ಟಿಟಿ ಧನುರ್ವಾಯುವಿಗೆ, ರೇಬೀಸ್ ಲಸಿಕೆ ಬೇರೆ ಅಂತ ಹೇಳಿ ಎಬ್ಬಿಸಿಕೊಂಡು ಹೋಗುವಷ್ಟರಲ್ಲಿ ಸಾಕುಸಾಕಾಯಿತು. "ಎರಡೂ ಸೂಜಿನೇ ಅಲ್ವೇನೋ" ಅಂತ ದಾರಿ ಉದ್ದಕ್ಕೂ.

ಮೂರನೇ ಗೇರ್
ಎರಡೂ ಸೂಜಿನೇ 😂

ಬಾಲ ಅಲ್ಲಾಡಿಸುವವ
ಸಾಕಿದ ನಾಯಿ ಕಚ್ಚಿದರೂ ಇಷ್ಟೆಲ್ಲ ಬೇಕಾ? ನನ್ನದಕ್ಕೆ ಪ್ರತಿ ವರ್ಷ ಲಸಿಕೆ ಹಾಕಿಸುತ್ತೇನೆ. ಉಗುರು ಕತ್ತರಿಸುವಾಗ ವಾರಕ್ಕೊಮ್ಮೆ ಹಲ್ಲು ತಾಗಿಸುತ್ತದೆ. ಹೀಗೆ ಲೆಕ್ಕ ಹಾಕಿದರೆ ನಾನು ಆಸ್ಪತ್ರೆಯಲ್ಲೇ ಮನೆ ಮಾಡಬೇಕು.

ಗೂಬೆ ಕಣ್ಣು
ವಾರಕ್ಕೊಮ್ಮೆ ಉಗುರು ಯಾಕೆ ಕತ್ತರಿಸುತ್ತೀಯ ಗುರು, ಅದಕ್ಕೇ ಕಚ್ಚುತ್ತದೆ.

ವಾರ್ಡ್ ಸಿಸ್ಟರ್
ಲಸಿಕೆ ಆದ ನಾಯಿಯಿಂದ ಅಪಾಯ ತುಂಬಾ ಕಮ್ಮಿ, ನಿಜ. ಆದರೆ ಅದರ ಕಾರ್ಡು ಕೈಯಲ್ಲಿರಲಿ, ವೈದ್ಯರಿಗೆ ತೋರಿಸಿ, ಅವರು ನಿರ್ಧಾರ ಮಾಡಲಿ. ತೊಳೆಯುವುದು ಮಾತ್ರ ಯಾವ ನಾಯಿಯಾದರೂ ಸರಿ. ರೇಬೀಸ್ ಇಲ್ಲದಿದ್ದರೂ ನಾಯಿ ಬಾಯಿಯಲ್ಲಿ ಬೇರೆ ಬ್ಯಾಕ್ಟೀರಿಯಾ ಇರುತ್ತದೆ, ಕೀವಾಗುತ್ತದೆ. ಬೆಕ್ಕಿನದಂತೂ ಸೂಜಿ ಹಲ್ಲು, ಮೇಲೆ ಏನೂ ಕಾಣುವುದಿಲ್ಲ, ಒಳಗೆ ಆಳ.

ಎರಡು ಜಡೆ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮೊನ್ನೆ ಒಂದು ಬೀದಿನಾಯಿಮರಿ ಆಡುತ್ತಾ ಕೈ ಕಚ್ಚಿತು. ಕಚ್ಚಿತು ಅಂದರೆ ಪರಚಿದ ಹಾಗೆ, ಕೆಂಪಗೆ ಗೀರು. ರಕ್ತ ಬಂದಿಲ್ಲ. ಮರಿ ತಾನೆ, ಎರಡು ತಿಂಗಳದ್ದೂ ಇಲ್ಲ. ಮರಿಗೆ ಹುಚ್ಚು ಇರುವುದಿಲ್ಲ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಸುಮ್ನೆ ಕೇಳಿದೆ.

ಕಾಮನಬಿಲ್ಲು
ಸುಮ್ನೆ ಕೇಳಿದೆ ಅನ್ನಬೇಡಿ. ನಾನು ಇಲ್ಲಿವರೆಗೆ ಇದನ್ನು ಬರೆಯಬೇಕೋ ಬೇಡವೋ ಅಂತ ನೋಡುತ್ತಿದ್ದೆ.

ನಮ್ಮ ಪಕ್ಕದ ಮನೆಯ ಯಜಮಾನರು. ನಾಯಿಮರಿ ಬೆರಳಿಗೆ ಹಲ್ಲು ತಾಗಿಸಿತ್ತು. ಲುಂಗಿಗೆ ಒರೆಸಿಕೊಂಡು ಕೆಲಸಕ್ಕೆ ಹೋದರು. ಮರಿ ಆಮೇಲೆ ಎಲ್ಲಿ ಹೋಯಿತೋ ಯಾರೂ ನೋಡಲಿಲ್ಲ. ಎರಡು ತಿಂಗಳು ಚೆನ್ನಾಗಿದ್ದರು. ಆಮೇಲೆ ಒಂದು ದಿನ ಆ ಬೆರಳು ಜುಮ್ಮೆನ್ನುತ್ತದೆ ಅಂದರು, ಜ್ವರ ಬಂತು. ಮೂರನೇ ದಿನ ನಾನು ನೋಡಲು ಹೋದಾಗ ನೀರಿನ ಲೋಟ ಹಿಡಿದುಕೊಂಡಿದ್ದರು. ಬಾಯಾರಿಕೆ ಇತ್ತು, ಕುಡಿಯಬೇಕು ಅಂತಲೂ ಇತ್ತು. ಬಾಯಿ ಹತ್ತಿರ ತಂದ ಕೂಡಲೇ ಗಂಟಲು ಬಿಗಿದು ಕೈ ನಡುಗಿ ಲೋಟ ಬಿತ್ತು. ಮತ್ತೆ ಎತ್ತಿ ಕೊಟ್ಟೆವು, ಮತ್ತೆ ಬಿತ್ತು. ಫ್ಯಾನ್ ಗಾಳಿಗೂ ಬೆಚ್ಚುತ್ತಿದ್ದರು. ಪೂರ್ತಿ ಪ್ರಜ್ಞೆ ಇತ್ತು, ನನ್ನನ್ನು ಹೆಸರಿಟ್ಟು ಮಾತಾಡಿಸಿದರು. ಆ ವಾರ ದಾಟಲಿಲ್ಲ.

ಆ ಮರಿಗೆ ಮೂರು ತಿಂಗಳೂ ಆಗಿರಲಿಲ್ಲ.

ಕಿಟಕಿ ಪಕ್ಕದ ಸೀಟು
ಅಯ್ಯೋ ದೇವರೇ.

ವಾರ್ಡ್ ಸಿಸ್ಟರ್
ಎರಡು ಜಡೆ, ಈಗ ಎದ್ದು ಸೋಪು ಹಾಕಿ ತೊಳೆದು ಆಸ್ಪತ್ರೆಗೆ ಹೋಗಿ. ಮೊನ್ನೆ ಆಗಿದ್ದು, ತಡವಾಯಿತು ಅಂತ ಕೂರಬೇಡಿ. ಲಕ್ಷಣ ಶುರುವಾಗುವ ಮುಂಚೆ ಯಾವಾಗ ಹೋದರೂ ಲಸಿಕೆ ಹಾಕುತ್ತಾರೆ. ರಕ್ತ ಬರದ ಗೀರಿಗೆ ಸಾಮಾನ್ಯವಾಗಿ ಲಸಿಕೆ ಸಾಕು, ಇಮ್ಯುನೊಗ್ಲಾಬ್ಯುಲಿನ್ ಬೇಡ. ಅದೂ ನೋಡಿಯೇ ಹೇಳಬೇಕು, ಕಣ್ಣಿಗೆ ಕಾಣದಷ್ಟು ಚರ್ಮ ಕಿತ್ತಿರಬಹುದು. ಮರಿಗೆ ರೇಬೀಸ್ ಬರುವುದಿಲ್ಲ ಅನ್ನುವುದು ತಪ್ಪು. ಬರುತ್ತದೆ.

ಎರಡು ಜಡೆ
ನಾನು ಮಗುವಿಗೆ ಹಾಲು ಕುಡಿಸುತ್ತಿದ್ದೇನೆ. ಹಾಕಿಸಿಕೊಳ್ಳಬಹುದಾ?

ವಾರ್ಡ್ ಸಿಸ್ಟರ್
ಹಾಕಿಸಿಕೊಳ್ಳಬಹುದು. ಬಸುರಿಯರಿಗೂ ಹಾಕುತ್ತೇವೆ. ಹೊರಡಿ.

ಗೂಬೆ ಕಣ್ಣು
ಲಕ್ಷಣ ಬಂದ ಮೇಲೂ ಬದುಕಿದವರು ಇದ್ದಾರೆ ಅಂತ ಎಲ್ಲೋ ಓದಿದ್ದೆ. ಅಮೆರಿಕದ ಒಬ್ಬ ಹುಡುಗಿ.

ಲೆಕ್ಕದ ಮನುಷ್ಯ
ಹೌದು, 2004ರಲ್ಲಿ. ಬಾವಲಿ ಕಚ್ಚಿತ್ತು, ಲಸಿಕೆ ಹಾಕಿಸಿರಲಿಲ್ಲ, ಕೋಮಾದಲ್ಲಿಟ್ಟು ಉಳಿಸಿದರು. ಅದೇ ವಿಧಾನವನ್ನು ಆಮೇಲೆ ಬೇರೆ ರೋಗಿಗಳ ಮೇಲೆ ಮಾಡಿದಾಗ ಬಹುತೇಕ ಕೈಕೊಟ್ಟಿತು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬೀಸ್‌ನಿಂದ ಸಾಯುತ್ತಾರೆ ಅನ್ನುವ ಅಂದಾಜಿದೆ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ಶೇ. 99 ನಾಯಿಯಿಂದ. ಸಾಯುವವರಲ್ಲಿ ಶೇ. 40ರಷ್ಟು 15 ವರ್ಷದ ಒಳಗಿನ ಮಕ್ಕಳು. ಒಬ್ಬ ಹುಡುಗಿಯನ್ನು ನೆನಪಿಟ್ಟುಕೊಂಡು ಅಷ್ಟು ಜನರನ್ನು ಮರೆತರೆ ಹೇಗೆ?

ಗೂಬೆ ಕಣ್ಣು
ಮರೆತಿಲ್ಲ ಸ್ವಾಮಿ, ಕೇಳಿದೆ ಅಷ್ಟೇ.

ಚಾಕ್‌ಪೀಸ್
ಮಕ್ಕಳ ವಿಷಯ ಬಂತಲ್ಲ, ನಾನು ಹೇಳುತ್ತೇನೆ. ಮೂರನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಒಂದು ದಿನ ಒಂದು ಹುಡುಗಿ ಆಟಕ್ಕೆ ಹೋಗದೆ ಕೂತೇ ಇದ್ದಳು. ಶೂ ಬಿಚ್ಚು ಅಂದರೆ ಒಲ್ಲೆ ಅಂದಳು. ಕೊನೆಗೆ ಬಿಚ್ಚಿದರೆ ಸಾಕ್ಸ್ ರಕ್ತಕ್ಕೆ ಅಂಟಿಕೊಂಡು ಗಟ್ಟಿಯಾಗಿದೆ. ಹಿಂದಿನ ದಿನ ಸಂಜೆ ನಾಯಿ ಕಚ್ಚಿದ್ದು. ಯಾಕಮ್ಮ ಹೇಳಲಿಲ್ಲ ಅಂದರೆ "ನಾಯಿ ಹತ್ರ ಹೋಗಬೇಡ ಅಂದಿದ್ರು, ಹೊಡೀತಾರೆ" ಅಂದಳು. ಸಾಕ್ಸ್ ನೆನೆಸಿ ಬಿಡಿಸಿ ತೊಳೆಯುವಾಗ ನನ್ನ ಕೈ ನಡುಗುತ್ತಿತ್ತು. ಅವಳಿಗೆ ಎಲ್ಲ ಡೋಸ್ ಆಯಿತು, ಈಗ ಐದನೇ ಕ್ಲಾಸು.

ಅವತ್ತಿನಿಂದ ನನ್ನ ಕ್ಲಾಸಿನಲ್ಲಿ ಮೊದಲ ನಿಯಮ "ಕಚ್ಚಿದರೆ ಬೈಯಲ್ಲ". ಬೈಯಲ್ಲ ಅಂತ ಮಕ್ಕಳಿಗೆ ನಂಬಿಕೆ ಬರಬೇಕು, ಆಗ ಹೇಳುತ್ತಾರೆ. ಆಮೇಲೆ ಸೋಪು. ಸೆಪ್ಟೆಂಬರ್ 28 ರೇಬೀಸ್ ದಿನ, ಲೂಯಿ ಪಾಶ್ಚರ್ ತೀರಿಕೊಂಡ ದಿನ ಅದು. ಆವತ್ತು ನಲ್ಲಿ ಹತ್ತಿರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೊಳೆಯುವುದನ್ನು ಮಾಡಿಸುತ್ತೇನೆ. 1885ರಲ್ಲಿ ಪಾಶ್ಚರ್ ಮೊದಲು ಲಸಿಕೆ ಕೊಟ್ಟದ್ದು ನಾಯಿ ಕಚ್ಚಿದ 9 ವರ್ಷದ ಹುಡುಗನಿಗೆ ಅಂದರೆ ಮಕ್ಕಳು ಕಿವಿ ನೆಟ್ಟಗೆ ಮಾಡುತ್ತಾರೆ, ತಮ್ಮದೇ ವಯಸ್ಸು ನೋಡಿ. "ಅವನು ಬದುಕಿದನಾ ಮಿಸ್?" ಬದುಕಿದ.

ನಾಯಿ ಎದುರು ಬಂದರೆ ಓಡಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡ, ಮರದ ಹಾಗೆ ನಿಲ್ಲು, ಬಿದ್ದರೆ ಚೆಂಡಿನ ಹಾಗೆ ಮುದುಡಿ ಕುತ್ತಿಗೆ ಮುಚ್ಚಿಕೊ ಅಂತಲೂ ಕಲಿಸುತ್ತೇನೆ. ಚೆಂಡಾಗುವುದು ಅವರಿಗೆ ಬಹಳ ಇಷ್ಟ. ಅವತ್ತು ಯೂನಿಫಾರ್ಮೆಲ್ಲ ಮಣ್ಣು.

ಮೂರನೇ ಗೇರ್
ನಾಯಿಗಳನ್ನೆಲ್ಲ ಹಿಡಿದು ದೂರ ಬಿಟ್ಟರೆ ಈ ಚೆಂಡಾಟವೇ ಬೇಡ ಅಲ್ವಾ ಮಿಸ್.

ಬಾಲ ಅಲ್ಲಾಡಿಸುವವ
ಶುರುವಾಯಿತು ನೋಡಿ. ದೂರ ಅಂದರೆ ಎಲ್ಲಿ? ಇನ್ನೊಬ್ಬರ ಬೀದಿಗಾ? ಲಸಿಕೆ ಹಾಕಿದ ನಾಯಿ ಬೀದಿಯಲ್ಲಿದ್ದರೆ ಅದೇ ಕಾವಲು.

ಮೂರನೇ ಗೇರ್
ನಿಮಗೆ ಕಚ್ಚಿದಾಗ ಗೊತ್ತಾಗುತ್ತದೆ.

ಬಾಲ ಅಲ್ಲಾಡಿಸುವವ
ವಾರಕ್ಕೊಮ್ಮೆ ಕಚ್ಚುತ್ತದೆ ಅಂತ ಮೇಲೆಯೇ ಬರೆದಿದ್ದೇನೆ ಮಾರಾಯ್ರೆ.

ನಿರ್ವಾಹಕ
ಬೀದಿನಾಯಿ ಜಗಳಕ್ಕೆ ಬೇರೆ ಚರ್ಚೆ ತೆರೆಯಿರಿ. ಏಳು ಉತ್ತರ ಅಳಿಸಿದ್ದೇನೆ.

ಹಳೇ ಸೈಕಲ್
ಹತ್ತು ದಿನ ನಾಯಿಯನ್ನು ನೋಡುವುದು ಅಂತ ಒಂದಿದೆಯಲ್ಲ? ನಾಯಿ ಹತ್ತು ದಿನ ಬದುಕಿದ್ದರೆ ಇಂಜೆಕ್ಷನ್ ಬೇಡ ಅಂತ.

ವಾರ್ಡ್ ಸಿಸ್ಟರ್
ಅರ್ಧ ಸರಿ, ಇನ್ನರ್ಧ ಜೀವ ತೆಗೆಯುವ ತಪ್ಪು. ನೋಡಿಕೊಂಡು ಆಮೇಲೆ ಹಾಕಿಸುವುದಲ್ಲ ಅಣ್ಣ. ಅದೇ ದಿನ ಶುರು ಮಾಡಬೇಕು, ಜೊತೆಜೊತೆಗೆ ನಾಯಿಯ ಮೇಲೆ ಕಣ್ಣಿಡಬೇಕು. 10 ದಿನವೂ ನಾಯಿ ಆರೋಗ್ಯವಾಗಿದ್ದರೆ ಮುಂದಿನ ಡೋಸ್ ನಿಲ್ಲಿಸಬಹುದಾ ಅಂತ ವೈದ್ಯರು ಹೇಳುತ್ತಾರೆ. ಈ ಲೆಕ್ಕ ನಾಯಿ ಬೆಕ್ಕಿಗೆ ಮಾತ್ರ. ನೀಲಿ ಕೊಡೆಯವರ ಕಡೆಯವರು ಕೋಲು ಹಿಡಿದು ಓಡಿದರಲ್ಲ, ಹೊಡೆದು ಕೊಂದಿದ್ದರೆ ಆ ನಾಯಿಯನ್ನು ನೋಡುವುದು ಹೇಗೆ?

ನೀಲಿ ಕೊಡೆ
ಸಿಗಲಿಲ್ಲ ಬಿಡಿ. ಭಾವನ ಚಪ್ಪಲಿ ಕಿತ್ತುಹೋಯಿತು ಅಷ್ಟೇ.

ಕಿಟಕಿ ಪಕ್ಕದ ಸೀಟು
ಸಿಸ್ಟರ್, ನಮ್ಮಪ್ಪ 7ನೇ ದಿನದ ಡೋಸ್ ಹೊತ್ತಿಗೆ ಮದುವೆಗೆ ಹೋಗಿದ್ದರು, 10ನೇ ದಿನ ಹಾಕಿಸಿಕೊಂಡರು. ಮತ್ತೆ ಮೊದಲಿನಿಂದ ಶುರು ಮಾಡಬೇಕು ಅಂತ ಯಾರೋ ಹೆದರಿಸಿದ್ದಾರೆ.

ವಾರ್ಡ್ ಸಿಸ್ಟರ್
ಬೇಡ. ಬಿಟ್ಟಲ್ಲಿಂದ ಮುಂದುವರಿಸುವುದು. ಮದುವೆ ಊಟಕ್ಕೂ ಲಸಿಕೆಗೂ ಸಂಬಂಧ ಇಲ್ಲ, ಪಥ್ಯವೂ ಇಲ್ಲ. ಪೂರ್ತಿ ಕೋರ್ಸ್ ಮುಗಿಸಿದ ಚೀಟಿ ಎಸೆಯಬೇಡಿ. ಮುಂದೆ ಮತ್ತೆ ಕಚ್ಚಿದರೆ ತೊಳೆದುಕೊಂಡು ಆ ಚೀಟಿ ತನ್ನಿ. ಆಗ 0 ಮತ್ತು 3ನೇ ದಿನ ಎರಡೇ ಡೋಸ್, ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ.

ಬಾಲ ಅಲ್ಲಾಡಿಸುವವ
ಅಂದರೆ ನನ್ನಂಥವರು ಕಚ್ಚುವ ಮೊದಲೇ ಹಾಕಿಸಿಕೊಳ್ಳಬಹುದು ಅಲ್ವಾ? ಪಶುವೈದ್ಯರು ಹಾಕಿಸಿಕೊಳ್ಳುತ್ತಾರೆ ಅಂತ ಕೇಳಿದ್ದೆ.

ವಾರ್ಡ್ ಸಿಸ್ಟರ್
ಹೌದು. ನಾಯಿಗಳ ಜೊತೆ ದಿನಾ ಕೆಲಸ ಮಾಡುವವರು ಹಾಕಿಸಿಕೊಳ್ಳುವುದು ಒಳ್ಳೆಯದು. ಕಚ್ಚಿದ ಮೇಲೆ ಆ ಎರಡು ಡೋಸ್ ಆಗಲೂ ಬೇಕು, ಸೋಪೂ ಬೇಕು.

ನೀಲಿ ಕೊಡೆ
ಇವತ್ತು ಹುಡುಗನಿಗೆ 7ನೇ ದಿನದ್ದು ಆಯಿತು. ಬರುವಾಗ ಗಾಡಿಯಲ್ಲಿ ಅಕ್ಕನಿಗೆ ಹೇಳುತ್ತಿದ್ದ, ಭಾವ ಕೈ ತೊಳೆದದ್ದು ಎರಡೇ ಸೆಕೆಂಡು, 15 ನಿಮಿಷ ಆಗಿಲ್ಲ ಅಂತ. ಊಟಕ್ಕೆ ಕೂತಾಗಲೂ ಗಡಿಯಾರ ನೋಡುತ್ತಾನೆ. ಭಾವ ನನ್ನ ಮೇಲೆ ಸಿಟ್ಟಾಗಿದ್ದಾನೆ.

ಗೂಬೆ ಕಣ್ಣು
ಎರಡು ಜಡೆ ಎಲ್ಲಿ? ಹೋದರೋ ಇಲ್ಲವೋ?

ಎರಡು ಜಡೆ
ಹೋಗಿ ಬಂದೆ. ಎರಡು ಗಂಟೆ ಕಾದೆ. ವೈದ್ಯರು ಗೀರಿಗೆ ಬೆಳಕು ಬಿಟ್ಟು ನೋಡಿ, ಒಂದು ಕಡೆ ಚರ್ಮ ಕಿತ್ತಿದೆ ಅಂದರು. ಹಾಗಾಗಿ ಅಲ್ಲೇ ಇನ್ನೊಂದೂ ಚುಚ್ಚಿದರು, ಕಣ್ಣಲ್ಲಿ ನೀರು ಬಂತು. ಮನೆಯಲ್ಲಿ "ಅಷ್ಟು ಸಣ್ಣ ಮರಿಗೆ ಇಷ್ಟೆಲ್ಲಾನಾ" ಅಂತ ಇನ್ನೂ ನಡೆಯುತ್ತಿದೆ. ಕಾಮನಬಿಲ್ಲು ಅವರು ಬರೆದದ್ದನ್ನು ಜೋರಾಗಿ ಓದಿ ಹೇಳಿದೆ, ಅತ್ತೆ ಎದ್ದು ಒಳಗೆ ಹೋದರು. ಶುಕ್ರವಾರ ಎರಡನೇ ಡೋಸ್.

ಕಾಮನಬಿಲ್ಲು
ಶುಕ್ರವಾರ ನೆನಪು ಮಾಡುತ್ತೇನೆ.